19 ದಿನಕ್ಕೇ ಖಾಲಿಯಾಗುತ್ತಿದ್ದ ಸಿಲಿಂಡರ್: ಮಲೆನಾಡಿನ ಮನೆಯೊಂದರ ಗ್ಯಾಸ್ ಲೆಕ್ಕ

ಡಿಸೆಂಬರ್ ಮೊದಲ ವಾರ ಅಕ್ಕ ಫೋನ್ ಮಾಡಿದಾಗ ಅವಳ ದನಿಯಲ್ಲಿ ಬೇಜಾರಿತ್ತು. "ಮಾರಾಯ, ಗ್ಯಾಸ್ ವಿಷಯಕ್ಕೆ ಮನೆಯಲ್ಲಿ ದಿನಾ ಮಾತು ಬೆಳೆಯುತ್ತಿದೆ. ಆ ಹುಡುಗಿ ನಿನ್ನೆ ಅಡುಗೆಮನೆಯಲ್ಲಿ ಒಬ್ಬಳೇ ಅಳುತ್ತಾ ನಿಂತಿದ್ದಳು. ಮಕ್ಕಳಿಗೆ ವಿಜ್ಞಾನ ಪಾಠ ಮಾಡ್ತೀಯಲ್ಲ, ಒಮ್ಮೆ ಬಂದು ಇದೇನು ನೋಡು" ಅಂದಳು.

ಆ ಹುಡುಗಿ ಅಂದರೆ ಅಕ್ಕನ ಸೊಸೆ. ಕೊಪ್ಪದ ಹತ್ತಿರದ ಹಳ್ಳಿಯಲ್ಲಿ ಅಕ್ಕನ ಮನೆ. ಸ್ವಲ್ಪ ಅಡಿಕೆ ತೋಟ, ಒಂದಿಷ್ಟು ಕಾಳುಮೆಣಸು. ಮನೆಯಲ್ಲಿ ಐದು ಜನ: ಅಕ್ಕ, ಭಾವ, ಭಾವನ ತಾಯಿ, ಮಗ, ಸೊಸೆ. ಭಾವನ ತಾಯಿಯನ್ನು ನಾವೆಲ್ಲ ಅಜ್ಜಿ ಅಂತಲೇ ಕರೆಯುವುದು. 80 ದಾಟಿದ್ದಾರೆ, ಆದರೆ ಮನೆಯ ಯಾವ ಡಬ್ಬಿಯಲ್ಲಿ ಎಷ್ಟು ಬೇಳೆ ಇದೆ ಅಂತ ಈಗಲೂ ಬಾಯಲ್ಲೇ ಹೇಳುತ್ತಾರೆ.

ಗಲಾಟೆ ಇಷ್ಟು. ಮೊದಲೆಲ್ಲ 14.2 ಕಿಲೋದ ಒಂದು ಸಿಲಿಂಡರ್ ಒಂದೂವರೆ ತಿಂಗಳು ಬರುತ್ತಿತ್ತು. ಈಗ 19 ದಿನಕ್ಕೆ ಮುಗಿಯುತ್ತಿದೆ. ಒಮ್ಮೊಮ್ಮೆ 18ಕ್ಕೇ. ಇದು ಶುರುವಾದದ್ದು ಕಳೆದ ಬೇಸಿಗೆಯಲ್ಲಿ. ಮಗನ ಮದುವೆ ಆದದ್ದೂ ಅದೇ ಬೇಸಿಗೆಯಲ್ಲಿ. ಅಜ್ಜಿ ಎರಡನ್ನೂ ಜೋಡಿಸಿಬಿಟ್ಟಿದ್ದರು. "ಈಗಿನ ಹುಡುಗಿಯರಿಗೆ ಒಲೆ ಸಣ್ಣ ಮಾಡೋದೇ ಗೊತ್ತಿಲ್ಲ" ಅಂತ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಭಾವನಿಗೆ ಬೇರೆ ಅನುಮಾನ: ಸಿಲಿಂಡರಿನಲ್ಲಿ ಗ್ಯಾಸೇ ಕಮ್ಮಿ ಬರುತ್ತಿದೆ. ಸೊಸೆಗೆ ಎಲ್ಲೋ ಸೋರುತ್ತಿದೆ ಅನ್ನುವ ಭಯ. ರಾತ್ರಿ ಎದ್ದು ಎದ್ದು ರೆಗ್ಯುಲೇಟರ್ ಮೂಸಿ ನೋಡುತ್ತಿದ್ದಳಂತೆ.

ಅದೇ ಬೇಸಿಗೆಯಲ್ಲಿ ಆ ಮನೆಯಲ್ಲಿ ಇನ್ನೊಂದೂ ಆಗಿತ್ತು. ಮದುವೆಗೆ ಅಂತ ಮನೆ ರಿಪೇರಿ ಮಾಡಿಸಿದಾಗ ಹಳೆಯ ಬಚ್ಚಲಿನ ಹಂಡೆ, ಒಲೆ ಬಿಟ್ಟು ಒಳಗೆ ಟೈಲ್ಸ್ ಹಾಕಿದ ಬಾತ್‌ರೂಮ್ ಕಟ್ಟಿಸಿದ್ದರು. ಅದಕ್ಕೆ ಗ್ಯಾಸ್ ಗೀಸರ್ ಕೂಡಿಸಿದ್ದರು. ಎರಡು ಸಿಲಿಂಡರಿನ ಕನೆಕ್ಷನ್ ಇತ್ತಲ್ಲ, ಒಂದು ಅಡುಗೆಮನೆಗೆ, ಇನ್ನೊಂದು ಗೀಸರಿಗೆ. ಒಂದು ಖಾಲಿಯಾದರೆ ಬುಕ್ ಮಾಡಿದ್ದು ಬರುವವರೆಗೆ ಇನ್ನೊಂದನ್ನೇ ಅತ್ತಿಂದಿತ್ತ ಹೊತ್ತು ಹಾಕಿಕೊಳ್ಳುತ್ತಿದ್ದರು. ಹೀಗಾಗಿ ಯಾವುದು ಎಷ್ಟು ತಿಂತು ಅಂತ ಯಾರಿಗೂ ಗೊತ್ತಿರಲಿಲ್ಲ. ಒಲೆ ಕಣ್ಣಿಗೆ ಕಾಣುತ್ತದೆ, ಅದರ ಮುಂದೆ ನಿಂತವಳೂ ಕಾಣುತ್ತಾಳೆ. ಬೈಗುಳ ಅಲ್ಲಿಗೇ ಹೋಯಿತು.

ಬಾತ್‌ರೂಮಿನ ಒಳಗೆ ಕಂಡದ್ದು

ಶನಿವಾರ ಮಧ್ಯಾಹ್ನ ಹೋದೆ. ಕೈಕಾಲು ತೊಳೆಯಲು ಬಾತ್‌ರೂಮಿಗೆ ಹೋದವನು ಅಲ್ಲೇ ನಿಂತುಬಿಟ್ಟೆ. ಗೀಸರ್ ಒಳಗೇ ಇತ್ತು! ನಲ್ಲಿಯ ಮೇಲೆ, ತಲೆಯ ಎತ್ತರಕ್ಕೆ ಗೋಡೆಗೆ ಹೊಡೆದಿದ್ದರು. ಗಾಳಿಗೆ ಇದ್ದದ್ದು ಒಂದಡಿಯ ಗಾಜಿನ ಪಟ್ಟಿಯ ಕಿಟಕಿ. ಚಳಿ ಅಂತ ಅದನ್ನೂ ಮುಚ್ಚಿದ್ದರು.

ಗ್ಯಾಸಿನ ಲೆಕ್ಕ ಆಮೇಲೆ, ಮೊದಲು ಇದು ಹೊರಗೆ ಹೋಗಬೇಕು ಅಂದೆ. ಭಾವ "ಹಾಕಿದವನೇ ಏನೂ ಆಗಲ್ಲ ಅಂದಿದ್ದಾನೆ" ಅಂದರು. ಆಗ ಕಾಗದ ತೆಗೆದುಕೊಂಡು ಕೂತು ಲೆಕ್ಕ ಹಾಕಿ ತೋರಿಸಿದೆ. ನೀವೂ ನೋಡಿ, ಕಷ್ಟವೇನಿಲ್ಲ.

ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ನಿಮಿಷಕ್ಕೆ 6 ಲೀಟರ್ ನೀರು ಬಿಸಿ ಮಾಡುವ ಸಾಮಾನ್ಯ ಗೀಸರ್ ಜೋರಾಗಿ ಉರಿಯುವಾಗ ಗಂಟೆಗೆ ಹತ್ತಿರ ಹತ್ತಿರ ಒಂದು ಕಿಲೋ ಗ್ಯಾಸ್ ಸುಡುತ್ತದೆ. ಹತ್ತು ನಿಮಿಷ ಉರಿದರೆ 160 ಗ್ರಾಂ. ಅಂದರೆ 2 ಘನ ಮೀಟರ್ ಗಾಳಿಯಲ್ಲಿರುವ ಆಮ್ಲಜನಕ ಪೂರ್ತಿ ಖರ್ಚು. ಆ ಬಾತ್‌ರೂಮ್ ಐದಡಿ ಅಗಲ, ಏಳಡಿ ಉದ್ದ, ಒಂಬತ್ತಡಿ ಎತ್ತರ. ಒಳಗಿರುವ ಗಾಳಿಯೇ ಸುಮಾರು 9 ಘನ ಮೀಟರ್. ಒಬ್ಬರು ಸ್ನಾನ ಮುಗಿಸುವಷ್ಟರಲ್ಲಿ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಗಾಳಿ ಉಸಿರಾಡಲು ಬಾರದ ಹಾಗೆ ಆಗಿರುತ್ತದೆ. ಹಿಂದೆಯೇ ಇನ್ನೊಬ್ಬರು ಹೋದರೆ ಇನ್ನೂ ಕಷ್ಟ. ಆಮ್ಲಜನಕ ಕಮ್ಮಿಯಾದ ಹಾಗೆ ಬೆಂಕಿ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗ್ಯಾಸ್ ಸೋರಿದರೆ ಮೂಗಿಗೆ ಬಡಿಯುವ ವಾಸನೆ ಇದೆಯಲ್ಲ, ಅದು ಬೇಕಂತಲೇ ಬೆರೆಸಿದ್ದು. ಉರಿದ ಮೇಲೆ ಅದೂ ಇರುವುದಿಲ್ಲ. ತಲೆ ಭಾರ, ಸುಸ್ತು, ಕಾಲಲ್ಲಿ ಬಲ ಇಲ್ಲದ ಹಾಗೆ, ಆಮೇಲೆ ಪ್ರಜ್ಞೆಯೇ ತಪ್ಪುತ್ತದೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರುತ್ತಾರೆ.

ಇಷ್ಟು ಹೇಳುವಾಗ ಅಕ್ಕ ಅಜ್ಜಿಯ ಮುಖ ನೋಡಿದಳು. ಹಿಂದಿನ ತಿಂಗಳು ಎರಡು ಸಲ ಸ್ನಾನ ಮಾಡಿ ಬಂದ ಅಜ್ಜಿ ತಲೆ ಸುತ್ತುತ್ತದೆ ಅಂತ ಮಲಗಿಬಿಟ್ಟಿದ್ದರಂತೆ. ವಯಸ್ಸಾಯಿತು, ಬಿಪಿ ಇರಬೇಕು ಅಂದುಕೊಂಡು ಸುಮ್ಮನಾಗಿದ್ದರು. ಅದಕ್ಕೆ ಇದೇ ಕಾರಣ ಅಂತ ಹೇಳಲು ನಾನು ವೈದ್ಯನಲ್ಲ. ಆದರೆ ಭಾವ ಮತ್ತೆ ಎದುರು ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ಪ್ಲಂಬರ್ ಬಂದು ಗೀಸರನ್ನು ಹಿತ್ತಿಲ ಗೋಡೆಗೆ, ಮಾಡಿನ ಕೆಳಗೆ, ಮಳೆ ಎರಚಲು ತಾಗದ ಕಡೆ ಕೂಡಿಸಿ ಹೋದ. ಅಲ್ಲಿಯವರೆಗೆ ಎರಡು ದಿನ ಕಿಟಕಿ ಬಾಗಿಲು ತೆರೆದಿಟ್ಟು ಬಕೆಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಸ್ನಾನಕ್ಕೆ ಹೋದೆವು.

ನಿಮ್ಮ ಮನೆಯಲ್ಲೂ ಗೀಸರ್ ಒಳಗಿದ್ದರೆ ದಯವಿಟ್ಟು ಮುಂದಿನ ಭಾಗ ಓದುವ ಮೊದಲು ಪ್ಲಂಬರಿಗೆ ಫೋನ್ ಮಾಡಿ. ನಾನು ಇದನ್ನು ಬರೆಯಲು ಕೂತದ್ದಕ್ಕೆ ಅರ್ಧ ಕಾರಣವೇ ಇದು.

ಅಡಿಕೆ ತೂಗುವ ತಕ್ಕಡಿ

ಗ್ಯಾಸ್ ಎಷ್ಟಿದೆ ಅಂತ ಸಿಲಿಂಡರನ್ನು ಕುಟ್ಟಿ ನೋಡುವವರಿದ್ದಾರೆ, ಒದ್ದೆ ಬಟ್ಟೆ ಸುತ್ತಿ ನೋಡುವವರಿದ್ದಾರೆ. ನಂಬಬಹುದಾದದ್ದು ತೂಕ ಮಾತ್ರ. ಅಕ್ಕನ ಮನೆಯಲ್ಲಿ ಅಡಿಕೆ, ಮೆಣಸು ತೂಗಲು ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. 50 ಕಿಲೋವರೆಗೆ ತೂಗುತ್ತದೆ, 5 ಗ್ರಾಂ ವ್ಯತ್ಯಾಸವನ್ನೂ ತೋರಿಸುತ್ತದೆ. ಇದಕ್ಕಿಂತ ಒಳ್ಳೆಯ ಉಪಕರಣ ನಮ್ಮ ಶಾಲೆಯಲ್ಲೂ ಇಲ್ಲ.

ಮೊದಲು ಭಾವನ ಅನುಮಾನ. ಅದೇ ದಿನ ಬಂದಿದ್ದ, ಸೀಲ್ ತೆಗೆಯದ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟೆವು. 30.1 ಕಿಲೋ. ಸಿಲಿಂಡರಿನ ಕತ್ತಿನ ಸುತ್ತ ಇರುವ ಕಬ್ಬಿಣದ ಪಟ್ಟಿಗಳ ಮೇಲೆ ಖಾಲಿ ಸಿಲಿಂಡರಿನ ತೂಕ ಬರೆದಿರುತ್ತದೆ. ಇದರ ಮೇಲೆ 15.9 ಅಂತ ಇತ್ತು. ಕಳೆದರೆ ಸರಿಯಾಗಿ 14.2. ಮೋಸ ಇಲ್ಲ. ಮನೆಗೆ ತಂದುಕೊಡುವವರು ಕೇಳಿದರೆ ಎದುರಿಗೇ ತೂಗಿ ತೋರಿಸಬೇಕು ಅನ್ನುವ ನಿಯಮ ಇದೆ. ಕೇಳಲು ಸಂಕೋಚ ಬೇಡ.

ಆಮೇಲೆ ಸೊಸೆಯ ಭಯ. ರಾತ್ರಿ ಹತ್ತಕ್ಕೆ ಒಲೆಯ ಎಲ್ಲ ನಾಬ್ ಆರಿಸಿ, ರೆಗ್ಯುಲೇಟರ್ ಮಾತ್ರ ತೆರೆದೇ ಬಿಟ್ಟು ತೂಕ ಬರೆದೆವು. ಬೆಳಿಗ್ಗೆ ಐದಕ್ಕೆ ನೋಡಿದರೆ ತಕ್ಕಡಿಯ ಅಂಕಿ ಒಂದಿಷ್ಟೂ ಬದಲಾಗಿಲ್ಲ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಎರಡೂ ತುದಿಗೆ ಸೋಪಿನ ನೊರೆ ಹಚ್ಚಿದೆವು, ಗುಳ್ಳೆ ಏಳಲಿಲ್ಲ. ಪೈಪಿನ ಮೇಲಿದ್ದ ವರ್ಷವನ್ನೂ ನೋಡಿದೆವು, ಐದು ವರ್ಷ ದಾಟಿರಲಿಲ್ಲ. ಸೋರಿಕೆಯೂ ಇಲ್ಲ. ಆ ಹುಡುಗಿ ಅವತ್ತಿನಿಂದ ನೆಮ್ಮದಿಯಾಗಿ ನಿದ್ದೆ ಮಾಡಿದಳು. ಅಂದಹಾಗೆ, ನಿಜವಾಗಿ ಸೋರಿದರೆ ಕರೆ ಮಾಡಬೇಕಾದ ನಂಬರ್ 1906. ಹಗಲು ರಾತ್ರಿ ಇರುತ್ತದೆ.

ಉಳಿದದ್ದು ಅಜ್ಜಿಯ ಆರೋಪ. ಒಂದು ವಾರ ಅಡುಗೆಮನೆಯ ಸಿಲಿಂಡರ್ ತಕ್ಕಡಿಯ ಮೇಲೆಯೇ ಕೂತಿತು. ಪೈಪ್ ಎಳೆದು ತೂಕ ತಪ್ಪಾಗದ ಹಾಗೆ ಸಡಿಲ ಬಿಟ್ಟೆವು. ನಾನು ಎರಡು ದಿನ ಇದ್ದು ವಾಪಸ್ ಹೋದೆ, ಆಮೇಲೆ ಬರೆದಿಟ್ಟವಳು ಸೊಸೆಯೇ. ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮೂರು ಸಾಲು ಹಾಕಿಕೊಂಡು ಒಂದು ದಿನವೂ ತಪ್ಪದೆ ಬರೆದಿದ್ದಾಳೆ. ಎರಡನೇ ವಾರ ತಕ್ಕಡಿ ಗೀಸರಿನ ಸಿಲಿಂಡರಿನ ಕೆಳಗೆ ಹೋಯಿತು.

ಒಲೆ ತಿಂದದ್ದು

ಅಡುಗೆಮನೆಯ ಸರಾಸರಿ ದಿನಕ್ಕೆ 310 ಗ್ರಾಂ. 14.2 ಕಿಲೋವನ್ನು ಇದರಿಂದ ಭಾಗಿಸಿದರೆ 45 ದಿನ ಚಿಲ್ಲರೆ. ಅಂದರೆ ಮೊದಲು ಬರುತ್ತಿದ್ದ ಅದೇ ಒಂದೂವರೆ ತಿಂಗಳು! ಹೊಸ ಸೊಸೆ ಬಂದ ಮೇಲೆ ಒಲೆಯ ಖರ್ಚು ಒಂದು ಚೂರೂ ಹೆಚ್ಚಾಗಿಲ್ಲ. ಒಬ್ಬರು ಜಾಸ್ತಿಯಾಗಿದ್ದಾರೆ ಅಂತ ನೋಡಿದರೆ ನಿಜಕ್ಕೂ ಅವಳು ಉಳಿಸಿದ್ದಾಳೆ.

ಒಲೆಯ ಲೆಕ್ಕವನ್ನು ಬಿಡಿಬಿಡಿಯಾಗಿಯೂ ನೋಡಿದೆವು, ಯಾಕೆಂದರೆ ತಕ್ಕಡಿ ಮುಂದಿದ್ದಾಗ ನೋಡದೆ ಇರಲು ಮನಸ್ಸಾಗಲಿಲ್ಲ. ದೊಡ್ಡ ಬರ್ನರ್ ಪೂರ್ತಿ ತೆರೆದರೆ ಗಂಟೆಗೆ 180 ಗ್ರಾಂ, ಸಣ್ಣದು 140. ಸಿಮ್‌ನಲ್ಲಿಟ್ಟರೆ 50ರ ಆಸುಪಾಸು. ಒಂದು ಲೀಟರ್ ಹಾಲು ಉಕ್ಕಲು 15 ಗ್ರಾಂ. ಐದು ಜನರಿಗೆ ದೋಸೆ ಹೊಯ್ದು ಮುಗಿಸಲು 80. ಎಲ್ಲಕ್ಕಿಂತ ಜಾಸ್ತಿ ತಿಂದದ್ದು ಕುಚ್ಚಲಕ್ಕಿ. ಅಜ್ಜಿಗೆ ತೆರೆದ ಪಾತ್ರೆಯಲ್ಲಿ ಬೇಯಿಸಿ ಗಂಜಿ ಬಸಿದ ಅನ್ನವೇ ಆಗಬೇಕು. ಅದಕ್ಕೆ ಒಂದು ಹೊತ್ತಿಗೆ 95 ಗ್ರಾಂ. ಅದೇ ಅಕ್ಕಿಯನ್ನು ರಾತ್ರಿ ನೆನೆಹಾಕಿ ಕುಕ್ಕರಿನಲ್ಲಿ ಬೇಯಿಸಿ, ಆರಿಸಿದ ಮೇಲೆ ಮುಚ್ಚಳ ತೆಗೆಯದೆ ಅರ್ಧ ಗಂಟೆ ಬಿಟ್ಟರೆ 45.

ಅಷ್ಟು ವ್ಯತ್ಯಾಸ ಯಾಕೆ ಅಂತ ಅಕ್ಕ ಕೇಳಿದಳು. ನೀರು ಒಮ್ಮೆ ಕುದಿಯಲು ಶುರುವಾದ ಮೇಲೆ ಎಷ್ಟೇ ಜೋರು ಉರಿ ಕೊಟ್ಟರೂ ಅದರ ಬಿಸಿ ಏರುವುದಿಲ್ಲ. ಕೊಟ್ಟ ಶಾಖವೆಲ್ಲ ಹಬೆಯಾಗಿ ಮಾಡಿಗೆ ಹೋಗುತ್ತದೆ. ಕುಕ್ಕರ್ ಆ ಹಬೆಯನ್ನು ಹಿಡಿದಿಟ್ಟುಕೊಂಡು ಒಳಗಿನ ಬಿಸಿಯನ್ನು ನೂರು ಡಿಗ್ರಿಗಿಂತ ಮೇಲೇರಿಸುತ್ತದೆ, ಅಕ್ಕಿ ಬೇಗ ಬೇಯುತ್ತದೆ. ಇಷ್ಟೇ ವಿಷಯ.

ನೀರು ಕಾಯಿಸಿದ್ದು

ಗೀಸರ್ ದಿನಕ್ಕೆ 450 ಗ್ರಾಂ ತಿಂದಿತ್ತು. ಒಲೆಗಿಂತ ಒಂದೂವರೆ ಪಟ್ಟು.

ಇದನ್ನು ಎಲ್ಲರ ಮುಂದೆ ಓದಿ ಹೇಳಿದಾಗ ಮನೆ ಒಂದು ಕ್ಷಣ ಸುಮ್ಮನಾಯಿತು. ಗೀಸರ್ ದಿನಕ್ಕೆ ಒಟ್ಟು ಅರ್ಧ ಗಂಟೆ ಉರಿಯುತ್ತದೆ, ಒಲೆ ಮೂರು ಗಂಟೆಗೂ ಜಾಸ್ತಿ. ಹಾಗಿದ್ದ ಮೇಲೆ ಅದು ಹೇಗೆ ಅಂತ ಮಗ ಕೇಳಿದ.

ಇಲ್ಲಿ ನೋಡಬೇಕಾದದ್ದು ಎರಡು: ಎಷ್ಟು ಜೋರು ಉರಿಯುತ್ತದೆ, ಎಷ್ಟು ಹೊತ್ತು ಉರಿಯುತ್ತದೆ. ಎರಡನ್ನೂ ಗುಣಿಸಬೇಕು. ಭಾವನ ತಮ್ಮನ ಮಗ ಅಮೆರಿಕದ ವಿಸ್ಕಾನ್ಸಿನ್‌ನ ಹಳ್ಳಿ ಕಡೆ ಇದ್ದಾನೆ. ಅವತ್ತು ಸಂಜೆ ವಿಡಿಯೋ ಕರೆಯಲ್ಲಿ ಅವನು ತನ್ನ ಮನೆಯ ಹಿಂದೆ ಹಿಮದಲ್ಲಿ ಅರ್ಧ ಹುಗಿದ ಬಿಳಿ ತೊಟ್ಟಿ ತೋರಿಸಿದ. 500 ಗ್ಯಾಲನ್ನಿನದು. ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕು ಅಂತ ನೂರಕ್ಕೆ 80 ಭಾಗ ಮಾತ್ರ, ಅಂದರೆ 400 ಗ್ಯಾಲನ್ ತುಂಬುತ್ತಾರೆ. ಅದು ಪ್ರೊಪೇನ್, ನಮ್ಮ ಎಲ್‌ಪಿಜಿಯಲ್ಲೂ ಬೆರೆತಿರುವ ಗ್ಯಾಸ್. ಒಂದು ಗ್ಯಾಲನ್ ಅಂದರೆ 1.9 ಕಿಲೋ. ಅಲ್ಲಿಗೆ ಒಂದು ಸಲ ತುಂಬಿಸಿದರೆ ನಮ್ಮ 53 ಸಿಲಿಂಡರ್! ಮನೆಯನ್ನೆಲ್ಲ ಬೆಚ್ಚಗಿಡುವ ಅವನ ಫರ್ನೇಸ್ ಗಂಟೆಗೆ 60,000 ಬಿಟಿಯು. ಬಿಟಿಯು ಅಂದರೆ ಶಾಖ ಅಳೆಯುವ ಅಲ್ಲಿನ ಮಾನ. ಅಲ್ಲಿ ಎಲ್ಲ ಉಪಕರಣದ ಮೇಲೂ ಈ ಲೆಕ್ಕ ಬರೆದಿರುತ್ತಾರೆ. ಒಂದು ಗ್ಯಾಲನ್ ಪ್ರೊಪೇನಿನಲ್ಲಿ ಸುಮಾರು 91,500 ಬಿಟಿಯು ಇರುವುದರಿಂದ ಭಾಗಿಸಿದರೆ ಸಾಕು: ಗಂಟೆಗೆ ಗ್ಯಾಲನ್ನಿನ ಮೂರರಲ್ಲಿ ಎರಡು ಪಾಲು, ಅಂದರೆ ಒಂದೂ ಕಾಲು ಕಿಲೋ.

ಈಗ ಹೋಲಿಸಿ. ಹಿಮ ಬೀಳುವ ಊರಿನಲ್ಲಿ ಇಡೀ ಮನೆ ಬಿಸಿ ಮಾಡುವ ಯಂತ್ರ ಗಂಟೆಗೆ ಒಂದೂ ಕಾಲು ಕಿಲೋ ಸುಟ್ಟರೆ, ನಮ್ಮ ಹಿತ್ತಿಲಲ್ಲಿ ನೇತಾಡುವ ಆ ಸಣ್ಣ ಡಬ್ಬಿ ಒಂದು ಕಿಲೋ ಸುಡುತ್ತದೆ. ಅವನದು ಚಳಿಗಾಲದಲ್ಲಿ ದಿನವಿಡೀ ಆನ್ ಆಫ್ ಆಗುತ್ತಾ ಗಂಟೆಗಟ್ಟಲೆ ಓಡುತ್ತದೆ, ನಮ್ಮದು ಅರ್ಧ ಗಂಟೆ. ಅದಕ್ಕೇ ಅವನಿಗೆ ತೊಟ್ಟಿ, ನಮಗೆ ಸಿಲಿಂಡರ್. ಆದರೆ ಉರಿಯುವ ಆ ಹೊತ್ತಿನಲ್ಲಿ ಗೀಸರ್ ನಮ್ಮ ದೊಡ್ಡ ಬರ್ನರಿನ ಐದು ಪಟ್ಟಿಗಿಂತ ಜಾಸ್ತಿ ಎಳೆಯುತ್ತದೆ. ಕಣ್ಣಿಗೆ ಕಾಣುವುದು ಉರಿಯುವ ಹೊತ್ತು, ಕಾಣದೇ ಇರುವುದು ಉರಿಯುವ ಜೋರು.

ಪ್ರತಿಯೊಬ್ಬರ ಸ್ನಾನದ ಮೊದಲೂ ಆಮೇಲೂ ಸೊಸೆ ತೂಕ ಬರೆದಿದ್ದಳು, ಅದರ ಸರಾಸರಿ ಹೀಗಿತ್ತು: ಅಕ್ಕ 65 ಗ್ರಾಂ, ಭಾವ 70, ಸೊಸೆ 75, ಅಜ್ಜಿ 85. ಮಗ 155. ಅವನು ಶವರಿನ ಕೆಳಗೆ ಹತ್ತು ನಿಮಿಷ ನಿಲ್ಲುತ್ತಾನೆ. ನಿಮಿಷಕ್ಕೆ 6 ಲೀಟರಿನಂತೆ 60 ಲೀಟರ್. ಉಳಿದವರು ಬಕೆಟಿನಲ್ಲಿ 25-30 ಲೀಟರಿನಲ್ಲಿ ಮುಗಿಸುತ್ತಾರೆ.

ತೂಕ ಸರಿ ಇದೆಯೇ ಅಂತ ಕಾಗದದ ಮೇಲೂ ತಾಳೆ ನೋಡಿದೆ. ನಲ್ಲಿಯ ನೀರು 20 ಡಿಗ್ರಿ ಇತ್ತು, ಸ್ನಾನಕ್ಕೆ 42 ಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಶಾಖ ಬೇಕು. 60 ಲೀಟರಿಗೆ 22 ಡಿಗ್ರಿ ಅಂದರೆ 1,320. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 10,900 ಕಿಲೋಕ್ಯಾಲರಿ ಇರುತ್ತದೆ, ಗೀಸರ್ ಅದರಲ್ಲಿ ನೂರಕ್ಕೆ 80ನ್ನು ನೀರಿಗೆ ದಾಟಿಸುತ್ತದೆ ಅಂತ ಹಿಡಿದರೆ 151 ಗ್ರಾಂ. ತಕ್ಕಡಿ ತೋರಿಸಿದ್ದು 155. ಲೆಕ್ಕ ಕೂಡಿ ಬಂತು. ನೀವೂ ನಿಮ್ಮ ಮನೆಗೆ ಹೀಗೇ ಹಾಕಿಕೊಳ್ಳಬಹುದು: ಲೀಟರನ್ನು ಎಷ್ಟು ಡಿಗ್ರಿ ಏರಬೇಕೋ ಅದರಿಂದ ಗುಣಿಸಿ 8.7ರಿಂದ ಭಾಗಿಸಿದರೆ ಗ್ರಾಂ ಸಿಗುತ್ತದೆ.

ಆ ಉಳಿದ ನಾಲ್ಕೈದು ಗ್ರಾಂ ಪೈಪಿನದು. ಗೀಸರ್ ಹೊರಗೆ ಹೋದ ಮೇಲೆ ಬಾತ್‌ರೂಮಿಗೆ 11 ಮೀಟರ್ ಪೈಪ್ ಆಗಿದೆ. ಬಿಸಿನೀರು ಬರುವ ಮೊದಲು ಬರುವ ತಣ್ಣೀರನ್ನು ಹಿಡಿದು ಅಳೆದೆವು, ಹತ್ತಿರ 3 ಲೀಟರ್. ಸ್ನಾನ ಮುಗಿದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲಿ ಉಳಿದು ತಣ್ಣಗಾಗುತ್ತದೆ. ಒಂದು ಸ್ನಾನಕ್ಕೆ ಹೆಚ್ಚೆಂದರೆ 7-8 ಗ್ರಾಂ ನಷ್ಟ. ಸಿಲಿಂಡರಿಗೆ ಆಗ 860 ರೂಪಾಯಿ ಅಂತ ಹಿಡಿದರೆ 100 ಗ್ರಾಂ ಗ್ಯಾಸಿಗೆ 6 ರೂಪಾಯಿ. ಹಾಗಾದರೆ ಪೈಪಿನ ನಷ್ಟ 50 ಪೈಸೆಯೂ ಇಲ್ಲ. ಗೀಸರ್ ಒಳಗಿದ್ದರೆ ಈ 50 ಪೈಸೆ ಉಳಿಯುತ್ತಿತ್ತು ಅಲ್ವಾ ಅಂತ ಭಾವ ಕೇಳಿದರು. ಅಕ್ಕ ಅವರನ್ನು ನೋಡಿದ ನೋಟಕ್ಕೆ ಆ ಮಾತು ಅಲ್ಲಿಗೇ ನಿಂತಿತು.

ಖಾಲಿಯಾಗದ ಖಾಲಿ ಸಿಲಿಂಡರ್

ಇದನ್ನು ಹುಡುಕಿದವಳು ಸೊಸೆ, ನಾನಲ್ಲ. ಎರಡನೇ ವಾರದ ಕೊನೆಗೆ ಒಂದು ಬೆಳಿಗ್ಗೆ ಗೀಸರ್ ಹೊತ್ತಿ ಹೊತ್ತಿ ಆರಿತು. ಗ್ಯಾಸ್ ಮುಗಿಯಿತು ಅಂತ ಮಗ ಬದಲಾಯಿಸಲು ಹೋದ. ಇವಳು ತಕ್ಕಡಿ ನೋಡಿದರೆ 16.6 ಕಿಲೋ. ಇದರ ಖಾಲಿ ತೂಕವೂ 15.9. ಒಳಗೆ ಇನ್ನೂ 700 ಗ್ರಾಂ ಇದೆ! ನನಗೆ ಫೋನ್ ಮಾಡಿ "ಮಾವ, ತಕ್ಕಡಿ ಕೆಟ್ಟಿದೆಯಾ?" ಅಂತ ಕೇಳಿದಳು.

ತಕ್ಕಡಿ ಸರಿ ಇತ್ತು. ಸಿಲಿಂಡರಿನ ಒಳಗಿರುವುದು ದ್ರವ. ಅದು ಆವಿಯಾಗಿ ಮೇಲೆ ಬಂದರಷ್ಟೇ ಉರಿಯುವುದು. ಆವಿಯಾಗಲು ಶಾಖ ಬೇಕು, ಅದನ್ನು ಅದು ಸಿಲಿಂಡರಿನಿಂದ, ಸುತ್ತಲ ಗಾಳಿಯಿಂದ ಎಳೆದುಕೊಳ್ಳುತ್ತದೆ. ಗೀಸರ್ ಓಡುವಾಗ ಸಿಲಿಂಡರಿನ ಕೆಳಭಾಗ ಮುಟ್ಟಿ ನೋಡಿ, ಕೊಡದ ಹಾಗೆ ತಣ್ಣಗಿದ್ದು ಬೆವರುತ್ತಿರುತ್ತದೆ. ಡಿಸೆಂಬರಿನ ಚಳಿಗೆ, ತಳದಲ್ಲಿ ಸ್ವಲ್ಪವೇ ದ್ರವ ಉಳಿದಾಗ, ಗಂಟೆಗೆ ಒಂದು ಕಿಲೋ ವೇಗದಲ್ಲಿ ಎಳೆದರೆ ಅದಕ್ಕೆ ಅಷ್ಟು ಬೇಗ ಆವಿ ಕೊಡಲು ಆಗುವುದಿಲ್ಲ. ನಮ್ಮ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯೂಟೇನ್ ಬೆರೆತದ್ದು. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ, ಬ್ಯೂಟೇನ್ ಸೊನ್ನೆಯ ಹತ್ತಿರ. ಹಾಗಾಗಿ ಪ್ರೊಪೇನ್ ಮೊದಮೊದಲೇ ಜಾಸ್ತಿ ಹೋಗಿ, ಕೊನೆಗೆ ಉಳಿಯುವುದು ನಿಧಾನಕ್ಕೆ ಏಳುವ ಬ್ಯೂಟೇನೇ ಹೆಚ್ಚು. ವಿಸ್ಕಾನ್ಸಿನ್ನಿನ ಹುಡುಗನ ತೊಟ್ಟಿಯಲ್ಲಿ ಬರೀ ಪ್ರೊಪೇನ್ ತುಂಬುವುದು ಈ ಕಾರಣಕ್ಕೇ. ಅಲ್ಲಿನ ಚಳಿಗೆ ಬ್ಯೂಟೇನ್ ಏಳುವುದೇ ಇಲ್ಲ.

ಆ ಸಿಲಿಂಡರನ್ನು ಅಡುಗೆಮನೆಗೆ ಹಾಕಿ ಅಂದೆ. ಒಲೆ ನಿಧಾನಕ್ಕೆ ಎಳೆಯುತ್ತದೆ. ಸರಿಯಾಗಿ ಇನ್ನೂ ಎರಡು ದಿನ ಅಡುಗೆ ನಡೆಯಿತು. ಬೇಸಿಗೆಯಲ್ಲಿ ಹೀಗಾಗಿರಲಿಕ್ಕಿಲ್ಲ, ಆದರೆ ಚಳಿ ಶುರುವಾದ ಮೇಲೆ ಎಷ್ಟು ಸಲ ಹೀಗೆ 40 ರೂಪಾಯಿಯ ಗ್ಯಾಸ್ ವಾಪಸ್ ಹೋಯಿತೋ! ಕೆಲವರು ಇಂಥ ಹೊತ್ತಲ್ಲಿ ಸಿಲಿಂಡರನ್ನು ಅಡ್ಡ ಮಲಗಿಸುತ್ತಾರೆ, ಬಿಸಿನೀರಿನಲ್ಲಿ ಕೂರಿಸುತ್ತಾರೆ. ಎರಡೂ ಅಪಾಯ. ಮಲಗಿಸಿದರೆ ಆವಿಯ ಬದಲು ದ್ರವವೇ ಪೈಪಿಗೆ ನುಗ್ಗುತ್ತದೆ. ಗೀಸರಿನ ಸಿಲಿಂಡರ್ ತಡವರಿಸಿದ ಕೂಡಲೇ ಅಡುಗೆಮನೆಗೆ, ಹೊಸದು ಗೀಸರಿಗೆ. ಆ ಮನೆಯಲ್ಲಿ ಈಗ ಇದೇ ಪದ್ಧತಿ.

ಆಮೇಲೆ ಏನು ಬದಲಾಯಿತು

ಹಂಡೆಗೇ ವಾಪಸ್ ಹೋಗೋಣ ಅಂತ ಅಜ್ಜಿ ಹೇಳಿದರು. ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಮಟ್ಟೆ ಎಲ್ಲ ತೋಟದಲ್ಲಿ ಸುಮ್ನೆ ಬಿದ್ದಿರುತ್ತದೆ, ಕಾಸು ಖರ್ಚಿಲ್ಲ. ಮಾತು ನಿಜ. ಆದರೆ ಅಕ್ಕ ಒಪ್ಪಲಿಲ್ಲ. ಮೂವತ್ತು ವರ್ಷ ಮಳೆಗಾಲದಲ್ಲಿ ಹಸಿ ಸಿಪ್ಪೆಗೆ ಊದುಕೊಳವೆ ಹಿಡಿದು ಊದಿದವಳು ಅವಳು. "ಆ ಹೊಗೆ ನನ್ನ ಕಣ್ಣಲ್ಲಿ ಈಗಲೂ ಇದೆ" ಅಂದಳು. ನಾನು ಅವಳ ಕಡೆಯೇ. ಉಳಿತಾಯದ ಹೆಸರಲ್ಲಿ ಹೆಂಗಸರನ್ನು ಮತ್ತೆ ಹೊಗೆಯ ಮುಂದೆ ಕೂರಿಸುವ ಲೆಕ್ಕ ನನಗೆ ಬೇಡ. ಹಳೆಯ ಬಚ್ಚಲು ಹಿತ್ತಿಲಲ್ಲಿ ಹಾಗೇ ಇದೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ, ಎಣ್ಣೆ ಸ್ನಾನದ ದಿನಕ್ಕೆ ಅಲ್ಲೇ ಒಲೆ ಹಚ್ಚುತ್ತಾರೆ. ಅವತ್ತು ಉರಿ ಹಾಕುವುದು ಮಗ.

ಕರೆಂಟ್ ಗೀಸರ್ ಯಾಕಾಗಬಾರದು ಅಂತಲೂ ನೋಡಿದೆವು. ಅದೇ ನೀರಿಗೆ ದಿನಕ್ಕೆ ಐದು ಯೂನಿಟ್ ಹತ್ತಿರ ಬೇಕು, ತಿಂಗಳಿಗೆ 150. ಗೃಹಜ್ಯೋತಿಯಲ್ಲಿ ಆ ಮನೆಗೆ ಸಿಗುವುದು ಹಿಂದಿನ ಬಳಕೆಯ ಸರಾಸರಿಯ ಮೇಲೆ ನೂರಕ್ಕೆ ಹತ್ತು ಜಾಸ್ತಿ ಅಷ್ಟೇ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅದೂ ಅಲ್ಲದೆ ಮಳೆಗಾಲದಲ್ಲಿ ಆ ಕಡೆ ಕರೆಂಟ್ ಇರುವುದೇ ಅನುಮಾನ. ಸೋಲಾರ್ ಹಾಕಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣುವುದಿಲ್ಲ. ಬಯಲುಸೀಮೆಯವರಾದರೆ ನಾನು ಕಣ್ಣು ಮುಚ್ಚಿ ಸೋಲಾರ್ ಅನ್ನುತ್ತಿದ್ದೆ.

ಹಾಗಾಗಿ ಮಾಡಿದ್ದು ಸಣ್ಣ ಸಣ್ಣದು. ಮಗ ಸೋಪು ಹಚ್ಚುವಾಗ ಶವರ್ ನಿಲ್ಲಿಸುತ್ತಾನೆ, ಅವನ 155 ಗ್ರಾಂ 80ಕ್ಕೆ ಇಳಿಯಿತು. ಮೊದಲು ಬೆಳಿಗ್ಗೆ ಐದೂವರೆಯಿಂದ ಮಧ್ಯಾಹ್ನ ಒಂದರವರೆಗೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಸ್ನಾನ ಮಾಡುತ್ತಿದ್ದರು. ಈಗ ಆದಷ್ಟು ಒಬ್ಬರ ಹಿಂದೆ ಒಬ್ಬರು. ಪೈಪಿನ ಬಿಸಿನೀರು ಹಾಳಾಗುವುದು ಒಂದೆರಡು ಸಲ ಮಾತ್ರ, ಅಲ್ಲಿ 25 ಗ್ರಾಂ ಉಳಿಯಿತು. ಗೀಸರಿನ ಲೆಕ್ಕ 450ರಿಂದ 350ಕ್ಕೆ ಬಂತು. ಕುಚ್ಚಲಕ್ಕಿ ವಾರದಲ್ಲಿ ನಾಲ್ಕು ದಿನ ಕುಕ್ಕರಿನಲ್ಲಿ, ಮೂರು ದಿನ ಅಜ್ಜಿಯ ಇಷ್ಟದ ಹಾಗೆ. ಕುಕ್ಕರಿನ ಅನ್ನಕ್ಕೆ ಆ ರುಚಿ ಇಲ್ಲ ಅಂತ ಅವರು ಹೇಳಿದ್ದು ಸುಳ್ಳಲ್ಲ, ನಾನೂ ಉಂಡು ನೋಡಿದ್ದೇನೆ. ಒಲೆಯದು 310ರಿಂದ 280 ಆಯಿತು.

ಎರಡೂ ಸೇರಿ ದಿನಕ್ಕೆ 630 ಗ್ರಾಂ. ಒಂದು ಸಿಲಿಂಡರಿಗೆ 22ರಿಂದ 23 ದಿನ. ವರ್ಷಕ್ಕೆ ನೋಡಿದರೆ 19 ಸಿಲಿಂಡರ್ ಇದ್ದದ್ದು 16ಕ್ಕೆ ಇಳಿಯುತ್ತದೆ. ಎರಡೂವರೆ ಸಾವಿರ ರೂಪಾಯಿ. ಮತ್ತೆ ಒಂದೂವರೆ ತಿಂಗಳು ಬರುವುದಿಲ್ಲ. ಐದು ಜನರ ಬಿಸಿನೀರು ಸೌದೆಯಿಂದ ಗ್ಯಾಸಿಗೆ ಬಂದಿದೆ, ಆ ಶಾಖ ಎಲ್ಲಿಂದಲಾದರೂ ಬರಲೇಬೇಕು. ಇದನ್ನು ಭಾವನಿಗೆ ಒಪ್ಪಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಅಜ್ಜಿ ಸೊಸೆಗೆ ತಪ್ಪಾಯಿತು ಅಂತೇನೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಲೆಕ್ಕ ಓದಿದ ದಿನ ರಾತ್ರಿ ಊಟಕ್ಕೆ ಕೂತಾಗ ತಮ್ಮ ಬಟ್ಟಲಿನ ತುಪ್ಪವನ್ನು ಅವಳ ಅನ್ನಕ್ಕೆ ಬಡಿಸಿದರಂತೆ. ಇದನ್ನು ಅಕ್ಕ ಫೋನಿನಲ್ಲಿ ಹೇಳುವಾಗ ಅವಳ ದನಿ ಹಗುರಾಗಿತ್ತು. ಸ್ನಾನ ಮಾಡಿ ಬಂದ ಮೇಲೆ ತಲೆ ಸುತ್ತು ಅಂತ ಅಜ್ಜಿ ಆಮೇಲೆ ಒಮ್ಮೆಯೂ ಹೇಳಿಲ್ಲ.

ಜನವರಿಯಲ್ಲಿ ನಾನು ಹೋದಾಗ ಅಡಿಕೆ ಕೊಯ್ಲು ಮುಗಿದಿರಲಿಲ್ಲ, ತಕ್ಕಡಿ ಅಂಗಳಕ್ಕೆ ವಾಪಸ್ ಹೋಗಿತ್ತು. ಅಷ್ಟರಲ್ಲಿ ಸಿಲಿಂಡರ್ ತಂದ ಹುಡುಗ ಗೇಟಿನಲ್ಲಿ ಇಳಿಸಿ ಹೊರಡಲು ನೋಡಿದ. ಅಜ್ಜಿ ಜಗಲಿಯಿಂದಲೇ ಕೂಗಿದರು: "ನಿಲ್ಲು ಮಾರಾಯ, ಆ ತಕ್ಕಡಿ ಮೇಲಿಡು. ಹುಡುಗಿ, ಬಾ ಇಲ್ಲಿ, ಪಟ್ಟಿ ಮೇಲೆ ಎಷ್ಟು ಬರೆದಿದೆ ಓದು."

ಅವಳು ಕ್ಯಾಲೆಂಡರ್ ಹಿಡಿದುಕೊಂಡೇ ಬಂದಳು.